ಸತ್ತ ಮಂಗವನ್ನು ಎತ್ತಿದ ಕೈ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆ ಹೋಗುವ ಹೆದ್ದಾರಿಯಲ್ಲಿ ಮದ್ದೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಹೊಲ, ತೋಟ ಮುಗಿದು ಬಂಡೀಪುರದ ಕಾಡು ಶುರುವಾಗುತ್ತದೆ. ಮುಂದೆ ಮೂಲೆಹೊಳೆ, ಅದರಾಚೆ ವಯನಾಡು. 2012ರ ನವೆಂಬರ್‌ನಲ್ಲಿ ಈ ಭಾಗದಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದವು. ಹುಲಿ ಅಭಯಾರಣ್ಯದಲ್ಲಿ ಪ್ರಾಣಿ ಸತ್ತರೆ ಅದನ್ನು ಹಾಗೇ ಬಿಡುವಂತಿಲ್ಲ. ಕಳೇಬರಗಳನ್ನು ಹುಡುಕಿ ತಂದರು, ಮರಣೋತ್ತರ ಪರೀಕ್ಷೆ ಮಾಡಿದರು, ಸೌದೆ ಒಟ್ಟಿ ಸುಟ್ಟರು. ಆ ಕಳೇಬರಗಳನ್ನು ಎತ್ತಿದವರು, ಸುಟ್ಟವರು ಕಾಡಿನಂಚಿನ ಕೆಲಸಗಾರರು. ಸ್ವಲ್ಪ ದಿನಕ್ಕೆ ಅವರಲ್ಲೇ ಕೆಲವರು ಜ್ವರ ಬಂದು ಮಲಗಿದರು.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋದ ಮಾದರಿಗಳಲ್ಲಿ ಸಿಕ್ಕಿದ್ದು ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್, ಅಂದರೆ ಮಲೆನಾಡಿನವರು ಮಂಗನ ಕಾಯಿಲೆ ಎನ್ನುವ ರೋಗದ್ದು. ಅಲ್ಲಿಯವರೆಗೆ ಅದು ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಎಂಬ ಐದು ಜಿಲ್ಲೆಗಳ ಕಾಯಿಲೆ ಎಂದೇ ಎಲ್ಲರೂ ನಂಬಿದ್ದರು. ಸೊರಬದ ಕ್ಯಾಸನೂರು ಕಾಡಿನಿಂದ ಬಂಡೀಪುರಕ್ಕೆ ನೇರ ಗೆರೆ ಎಳೆದರೂ 300 ಕಿಲೋಮೀಟರಿಗಿಂತ ಹೆಚ್ಚು. ಚಾಮರಾಜನಗರ ಜಿಲ್ಲೆಯ ವೈದ್ಯರಿಗೆ ಈ ರೋಗ ಪಠ್ಯಪುಸ್ತಕದ ಒಂದು ಪುಟವಾಗಿತ್ತು, ಅಷ್ಟೆ. ಅದು ಇಲ್ಲಿಗೂ ಬಂದಿದೆ ಎಂಬ ಸುದ್ದಿಯನ್ನು ಹೊತ್ತು ತಂದದ್ದು ಕೆಲಸಗಾರರ ಮೈಯ ಜ್ವರ. ಬಂಡೀಪುರದ ಪ್ರಕರಣದಲ್ಲಿ ನನ್ನನ್ನು ಬಿಡದೆ ಕಾಡುವುದು ಇದೇ. ಇಂಥ ರಕ್ತಸ್ರಾವದ ಜ್ವರಗಳನ್ನು ಎದುರಿಸುವುದೆಂದರೆ ಆಸ್ಪತ್ರೆಯ ವಾರ್ಡು, ಮುಖಗವಸು, ಪ್ರಯೋಗಾಲಯ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಆದರೆ ಎದುರಿಸುವ ಕೆಲಸ ಅದಕ್ಕಿಂತ ಬಹಳ ಮೊದಲೇ, ಸತ್ತ ಪ್ರಾಣಿಯ ಪಕ್ಕದಲ್ಲಿ ಬರಿಗೈಯಲ್ಲಿ ನಿಂತ ಮನುಷ್ಯನಿಂದ ಆರಂಭವಾಗುತ್ತದೆ.

ಈ ವೈರಸ್ಸಿನ ಹಿಂದಿನ ಕತೆಯಲ್ಲೂ ಮಂಗಗಳೇ ಮುಂದೆ. 1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ಜನ ವಿಚಿತ್ರ ಜ್ವರದಿಂದ ಸಾಯುತ್ತಿದ್ದರು. ಪಕ್ಕದ ಕಾಡಿನಲ್ಲಿ ಕಪ್ಪು ಮೋರೆಯ ಮುಸುವಗಳೂ ಕೆಂಪು ಮೋರೆಯ ಕೋತಿಗಳೂ ಬಿದ್ದಿದ್ದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಬಂದರು. ಅವರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು, ಏಕೆಂದರೆ ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬರುವ ಮುನ್ನ ಹೀಗೆಯೇ ಮಂಗಗಳು ಸಾಯುತ್ತವೆ. ಏಷ್ಯಾದಲ್ಲಿ ಎಲ್ಲೂ ಇಲ್ಲದ ಹಳದಿ ಜ್ವರ ಕರ್ನಾಟಕಕ್ಕೆ ಬಂದಿದ್ದರೆ ಅನಾಹುತವೇ ಆಗುತ್ತಿತ್ತು. ಆದರೆ ಸತ್ತ ಮಂಗಗಳಿಂದ ಬೇರ್ಪಡಿಸಿದ ವೈರಸ್ ರಷ್ಯಾದ ಉಣ್ಣೆಜ್ವರಗಳ ದಾಯಾದಿ ಎಂದು ತಿಳಿಯಿತು. ಸೈಬೀರಿಯಾದ ಓಮ್‌ಸ್ಕ್ ರಕ್ತಸ್ರಾವ ಜ್ವರ ಇದರ ಹತ್ತಿರದ ನೆಂಟ. ಹರಡುವುದು ಸೊಳ್ಳೆಯಲ್ಲ, ಉಣ್ಣೆ. ಅದರಲ್ಲೂ ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ.

ಉಣ್ಣೆಯ ವರ್ಷಚಕ್ರ ಗೊತ್ತಿಲ್ಲದೆ ಈ ರೋಗದ ತಲೆಬುಡ ತಿಳಿಯುವುದಿಲ್ಲ. ಬೆಳೆದ ಉಣ್ಣೆ ಮಳೆಗಾಲದಲ್ಲಿ ದನ, ಜಿಂಕೆಯಂಥ ದೊಡ್ಡ ಪ್ರಾಣಿಗಳ ಮೈಗೆ ಹತ್ತಿ ರಕ್ತ ಕುಡಿದು, ಕೆಳಗುದುರಿ ತರಗೆಲೆಯಡಿ ಮೊಟ್ಟೆ ಇಡುತ್ತದೆ. ಮಳೆ ಕಳೆಯುವ ಹೊತ್ತಿಗೆ ಮರಿಗಳು ಹೊರಬರುತ್ತವೆ. ಅವು ಇಲಿ, ಅಳಿಲು, ಹಕ್ಕಿ, ಮಂಗಗಳ ಮೇಲೆ ಒಂದು ಊಟ ಮುಗಿಸಿ ಪೊರೆ ಕಳಚಿ ಎರಡನೇ ಹಂತಕ್ಕೆ ಬರುತ್ತವೆ. ಎಳ್ಳುಕಾಳಿನಷ್ಟೇ ಇರುವ, ಕಚ್ಚಿದರೂ ಗೊತ್ತಾಗದ ಈ ಎರಡನೇ ಹಂತದ ಉಣ್ಣೆಯೇ ಮನುಷ್ಯನಿಗೆ ಅಪಾಯ. ಅದರ ಕಾಲ ನವೆಂಬರ್‌ನಿಂದ ಮೇವರೆಗೆ. ಬಂಡೀಪುರದಲ್ಲಿ ಈ ತಿಂಗಳುಗಳಲ್ಲಿ ಜನ ಏನು ಮಾಡುತ್ತಾರೆಂದು ನೋಡಿ. ಬೇಸಿಗೆಯ ಬೆಂಕಿ ತಡೆಯಲು ಬೆಂಕಿರೇಖೆ ಕಡಿಯುವುದು, ಲಂಟಾನಾ ಪೊದೆ ಸವರುವುದು, ತರಗೆಲೆ ಗುಡಿಸಿ ಸುಡುವುದು, ಕಾಡುಗಾವಲು, ಸೌದೆ, ದನ ಮೇಯಿಸುವುದು ಎಲ್ಲವೂ ಇದೇ ಹೊತ್ತಿನಲ್ಲಿ. ಜೇನುಕುರುಬರ, ಕಾಡುಕುರುಬರ, ಸೋಲಿಗರ ಹಾಡಿಗಳಿಂದ ದಿನಗೂಲಿಗೆ ಬರುವವರು ಉಣ್ಣೆಗಳು ಕಾಯುತ್ತ ಕುಳಿತ ತರಗೆಲೆಯ ಮೇಲೆಯೇ ದಿನವಿಡೀ ಬಗ್ಗಿ ಕೆಲಸ ಮಾಡುತ್ತಾರೆ. ಊಟಕ್ಕೆ ಕೂರುವುದೂ ಅದರ ಮೇಲೆಯೇ.

ದನಗಳ ಮಾತು ಬಂದದ್ದರಿಂದ ಬಂಡೀಪುರಕ್ಕೇ ಸೇರಿದ ಒಂದು ವಿಷಯ ಹೇಳಬೇಕು. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಲ್ಲಿನ ಕಾಡಂಚಿನ ಹಳ್ಳಿಗಳ ದನಗಳಿಗೂ ಜಗತ್ತಿನ ಕಾಫಿ ಮಾರುಕಟ್ಟೆಗೂ ಇರುವ ನಂಟನ್ನು ತೋರಿಸಿದ್ದಾರೆ. ಕಾಫಿಗೆ ಬೆಲೆ ಏರಿದಾಗ ತೋಟದವರು ಗೊಬ್ಬರಕ್ಕಾಗಿ ಸಗಣಿ ಕೊಳ್ಳುತ್ತಾರೆ. ಸಗಣಿಗೆ ಬೆಲೆ ಬಂದಾಗ ಗುಂಡ್ಲುಪೇಟೆ ಕಡೆಯ ರೈತ ಹಾಲಿಲ್ಲದ ದನಗಳನ್ನೂ ಸಾಕುತ್ತಾನೆ, ಅವು ಕಾಡಿಗೆ ನುಗ್ಗಿ ಮೇಯುತ್ತವೆ. ಆ ಅಧ್ಯಯನ ಹುಲ್ಲಿನ ಬಗ್ಗೆ, ಜಿಂಕೆ ಕಾಡೆಮ್ಮೆಗಳ ಹೊಟ್ಟೆಯ ಬಗ್ಗೆ ಯೋಚಿಸಿತ್ತು. ನಾನು ಅದನ್ನು ಓದುವಾಗ ಉಣ್ಣೆಯನ್ನೂ ನೆನೆಯುತ್ತೇನೆ. ದನಗಳ ರಕ್ತದಲ್ಲಿ ಈ ವೈರಸ್ ಹೆಚ್ಚು ಬೆಳೆಯದು, ನಿಜ. ಆದರೆ ಬೆಳೆದ ಉಣ್ಣೆಗೆ ದನವೇ ದೊಡ್ಡ ಊಟದ ಮನೆ. ದನ ಹೆಚ್ಚಿದ ಕಾಡಂಚಿನಲ್ಲಿ ಉಣ್ಣೆಗೂ ಬರವಿಲ್ಲ. ಲಂಡನ್ನಿನ ಕಾಫಿ ದರ ಮದ್ದೂರಿನ ಹಾಡಿಯ ಆರೋಗ್ಯದ ವಿಷಯವೂ ಆಗಬಲ್ಲದು.

ಮಂಗನ ಪಾತ್ರ ಬೇರೆ. ವೈರಸ್ ಹೊತ್ತ ಉಣ್ಣೆ ಕಚ್ಚಿದ ಮಂಗದ ರಕ್ತದಲ್ಲಿ ವೈರಸ್ ಕೆಲವೇ ದಿನಗಳಲ್ಲಿ ಅಪಾರವಾಗಿ ಬೆಳೆಯುತ್ತದೆ. ಆ ಅವಧಿಯಲ್ಲಿ ಅದರ ರಕ್ತ ಕುಡಿದ ನೂರಾರು ಎಳೆಯ ಉಣ್ಣೆಗಳು ಸೋಂಕು ತುಂಬಿಕೊಳ್ಳುತ್ತವೆ. ಮಂಗ ಸತ್ತು ದೇಹ ತಣ್ಣಗಾದಾಗ ಅವೆಲ್ಲ ಆ ಜಾಗದಲ್ಲೇ ಉದುರುತ್ತವೆ. ಹಾಗಾಗಿ ಮಂಗ ಸತ್ತ ಜಾಗದ ಸುತ್ತ ಕೆಲವು ವಾರ, ತಿಂಗಳುಗಳ ಕಾಲ ಅಪಾಯ ಹೆಪ್ಪುಗಟ್ಟಿ ಕುಳಿತಿರುತ್ತದೆ. ಮಲೆನಾಡಿನ ಅನುಭವದಿಂದ ರೂಪುಗೊಂಡ ಕ್ರಮ ಹೀಗಿದೆ: ಸುದ್ದಿ ಬಂದ ಕೂಡಲೇ ಆ ಜಾಗಕ್ಕೆ ಜನ, ದನ ಹೋಗದಂತೆ ತಡೆಯಬೇಕು. ಸುತ್ತ ಸುಮಾರು 50 ಮೀಟರ್ ವ್ಯಾಪ್ತಿಗೆ ಮೆಲಾಥಿಯಾನ್ ಕೀಟನಾಶಕದ ಪುಡಿ ಉದುರಿಸಬೇಕು. ಕಳೇಬರ ತೀರಾ ಕೊಳೆತಿರದಿದ್ದರೆ ಪಶುವೈದ್ಯರು ರಕ್ಷಾಕವಚ ತೊಟ್ಟು ಮಾದರಿ ತೆಗೆಯಬೇಕು, ಉಳಿದದ್ದನ್ನು ಅಲ್ಲೇ ಸುಡಬೇಕು. ಕಾಡಿಗೆ ಹೋಗಲೇಬೇಕಾದವರು ಕೈಕಾಲಿಗೆ ಉಣ್ಣೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಮೈಮುಚ್ಚುವ ಬಟ್ಟೆ ಹಾಕಬೇಕು, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಹೇಳಲು ಸುಲಭ. ಒಂದೇ ಕೊಡ ನೀರಿಗೆ ಸರದಿ ನಿಲ್ಲುವ ಹಾಡಿಯಲ್ಲಿ, ಸಂಜೆ ದಣಿದು ಬಂದ ಕೂಲಿಯವನು ದಿನಾ ಬಿಸಿನೀರು ಕಾಯಿಸಿ ಬಟ್ಟೆ ನೆನೆಸುತ್ತಾನೆಯೇ? ಎಣ್ಣೆಯ ಬಾಟಲಿ ಕೊಟ್ಟವರು ನೀರಿನ ಬಗ್ಗೆಯೂ ಯೋಚಿಸಬೇಕಿತ್ತು.

ಬಂಡೀಪುರದಲ್ಲಿ ಕಳೇಬರ ಎತ್ತಿದವರಿಗೆ ಸೋಂಕು ತಗುಲಲು ಎರಡು ದಾರಿಗಳಿದ್ದವು: ದೇಹ ಬಿಟ್ಟು ಹೊರಟ ಉಣ್ಣೆಗಳು, ಮತ್ತು ಕಳೇಬರದ ರಕ್ತ, ಅಂಗಾಂಗಗಳ ಸಂಪರ್ಕ. ಎರಡನೆಯ ದಾರಿ ಎಷ್ಟು ಭಯಾನಕ ಎಂಬುದನ್ನು ಜಗತ್ತು 1967ರಲ್ಲಿ ಜರ್ಮನಿಯ ಮಾರ್ಬರ್ಗ್ ನಗರದಲ್ಲಿ ಕಂಡಿತ್ತು. ಪೋಲಿಯೋ ಲಸಿಕೆಯ ಕೆಲಸಕ್ಕಾಗಿ ಉಗಾಂಡದಿಂದ ತರಿಸಿದ ಹಸಿರುಮಂಗಗಳ ಮೂತ್ರಪಿಂಡ ಕತ್ತರಿಸುತ್ತಿದ್ದ ಪ್ರಯೋಗಾಲಯದ ನೌಕರರು ಕಾಯಿಲೆ ಬಿದ್ದರು. ಮಾರ್ಬರ್ಗ್, ಫ್ರಾಂಕ್‌ಫರ್ಟ್, ಬೆಲ್‌ಗ್ರೇಡ್ ಮೂರೂ ಕಡೆ ಸೇರಿ 31 ಮಂದಿಗೆ ಸೋಂಕು ತಗುಲಿ 7 ಮಂದಿ ಸತ್ತರು. ಮಾರ್ಬರ್ಗ್ ವೈರಸ್ಸಿಗೂ ನಮ್ಮ ಕ್ಯಾಸನೂರು ವೈರಸ್ಸಿಗೂ ರಕ್ತಸಂಬಂಧವಿಲ್ಲ. ಆದರೂ ಎರಡೂ ಕಡೆ ಮೊದಲ ಪೆಟ್ಟು ತಿಂದವರು ಮಂಗದ ದೇಹವನ್ನು ಕೈಯಾರೆ ಮುಟ್ಟಿದ ನೌಕರರೇ.

ಈಗ ನಮ್ಮ ಹಳ್ಳಿಗಳ ಒಂದು ನಡಾವಳಿಯನ್ನು ನೆನೆಯಬೇಕು. ಊರಲ್ಲಿ ಕೋತಿ ಸತ್ತರೆ ನಮ್ಮ ಜನ ಅದನ್ನು ತಿಪ್ಪೆಗೆ ಎಸೆಯುವುದಿಲ್ಲ. ಅದು ಆಂಜನೇಯನ ರೂಪ. ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕುರ್ಚಿಯ ಮೇಲೆ ಕೂರಿಸಿ, ತಮಟೆ ವಾದ್ಯದೊಡನೆ ಮೆರವಣಿಗೆ ಮಾಡಿ ಮಣ್ಣು ಮಾಡುತ್ತಾರೆ. ಕೆಲವು ಕಡೆ ಆ ಜಾಗದಲ್ಲಿ ಗುಡಿಯನ್ನೂ ಕಟ್ಟುತ್ತಾರೆ. ಈ ಕರುಣೆಯನ್ನು ಮೂಢನಂಬಿಕೆ ಎಂದು ಹೀಗಳೆಯುವ ಆರೋಗ್ಯ ಭಾಷಣಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಹಾಗೆ ಹೀಗಳೆದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಎಬೋಲಾ ಸಾಕ್ಷಿ ಇದೆ. 2014ರಲ್ಲಿ ಗಿನಿ, ಲೈಬೀರಿಯ, ಸಿಯೆರಾ ಲಿಯೋನ್‌ಗಳಲ್ಲಿ ಸತ್ತವರ ಮೈತೊಳೆದು ಬೀಳ್ಕೊಡುವ ಸಂಪ್ರದಾಯದ ಮೂಲಕ ಸೋಂಕು ಹರಡುತ್ತಿತ್ತು. ಕವಚಧಾರಿಗಳು ಬಂದು ಹೆಣವನ್ನು ಚೀಲಕ್ಕೆ ತುಂಬಿ ಒಯ್ದಾಗ ಜನ ಸಿಟ್ಟಾದರು, ರೋಗಿಗಳನ್ನೂ ಹೆಣಗಳನ್ನೂ ಬಚ್ಚಿಡತೊಡಗಿದರು. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕ್ರಮ ಬದಲಿಸಿತು. ಧರ್ಮಗುರುಗಳನ್ನು ಕೂರಿಸಿಕೊಂಡು, ಮನೆಯವರು ದೂರದಿಂದ ಪ್ರಾರ್ಥನೆ ಮಾಡಲು ಅವಕಾಶವಿಟ್ಟು, ಸುರಕ್ಷಿತವೂ ಗೌರವಯುತವೂ ಆದ ಶವಸಂಸ್ಕಾರದ ನಿಯಮ ಹೊರಡಿಸಿತು. ಮೂರು ದೇಶಗಳಲ್ಲಿ 11 ಸಾವಿರಕ್ಕೂ ಹೆಚ್ಚು ಜನ ಸತ್ತ ಆ ಪಿಡುಗು ತಗ್ಗಿದ್ದರಲ್ಲಿ ಈ ಬದಲಾವಣೆಯ ಪಾಲು ದೊಡ್ಡದು. ಗುಂಡ್ಲುಪೇಟೆಯ ಹಳ್ಳಿಯಲ್ಲೂ ಇದು ಆಗಬಹುದು. ಕಳೇಬರವನ್ನು ಸಿಬ್ಬಂದಿ ಸುಡಲಿ, ಊರಿನ ಪೂಜಾರಿ ದೂರ ನಿಂತು ಮಂತ್ರ ಹೇಳಲಿ, ಹಾರ ಬೆಂಕಿಗೆ ಬೀಳಲಿ. ಆಂಜನೇಯನಿಗೆ ಅದರಿಂದ ಅಗೌರವವಿಲ್ಲ.

ಇನ್ನು ಆಸ್ಪತ್ರೆ. ಉಣ್ಣೆ ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಏಕಾಏಕಿ ಏರುತ್ತದೆ. ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡಗಳ ಸೆಳೆತ, ಕೆಂಪು ಕಣ್ಣು, ವಾಂತಿ, ಭೇದಿ. ಕೆಲವರಿಗೆ ಮೂಗು, ವಸಡು, ಕರುಳುಗಳಿಂದ ರಕ್ತ. ರಕ್ತಪರೀಕ್ಷೆಯಲ್ಲಿ ಬಿಳಿರಕ್ತಕಣ, ಪ್ಲೇಟ್‌ಲೆಟ್ ಎರಡೂ ಕುಸಿದಿರುತ್ತವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಇದು ಡೆಂಗಿಯಂತೆ, ಇಲಿಜ್ವರದಂತೆ, ಕೆಲವೊಮ್ಮೆ ಮಲೇರಿಯಾದಂತೆ ಕಾಣುವುದು ಸಹಜ. ಇಲ್ಲಿ ಯಾವ ಯಂತ್ರಕ್ಕಿಂತಲೂ ಬೆಲೆಬಾಳುವುದು ಒಂದು ಪ್ರಶ್ನೆ: ‘ಹೋದ ವಾರ ಎಲ್ಲಿ ಕೆಲಸಕ್ಕೆ ಹೋಗಿದ್ದೆ? ಅಲ್ಲಿ ಕೋತಿ ಸತ್ತಿತ್ತಾ?’ ಈ ಭಾಗದ ಹಾಡಿಗಳ ಜನ ಕೊಡಗಿನ, ವಯನಾಡಿನ ತೋಟಗಳಿಗೂ ಕೂಲಿಗೆ ಹೋಗುತ್ತಾರೆ. ಸೋಂಕು ತಗುಲಿದ್ದು ಒಂದು ರಾಜ್ಯದಲ್ಲಿ, ಜ್ವರ ಏರಿದ್ದು ಇನ್ನೊಂದರಲ್ಲಿ ಆಗಬಹುದು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಈ ಪ್ರಶ್ನೆಗೆ ಅರ್ಧ ನಿಮಿಷ ಕೊಡುವ ವೈದ್ಯ ಒಂದು ಜೀವ ಉಳಿಸಬಲ್ಲ.

ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ಆದರೆ ಆರೈಕೆಯಿಂದ ಬಹುಪಾಲು ಜನ ಬದುಕುತ್ತಾರೆ. ಸಾವಿನ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದು. ದೇಹದಲ್ಲಿ ನೀರಿನಂಶ ಕಾಯುವುದು, ರಕ್ತದೊತ್ತಡ ಗಮನಿಸುವುದು, ಬೇಕಾದರೆ ರಕ್ತ ಮತ್ತು ಪ್ಲೇಟ್‌ಲೆಟ್ ಕೊಡುವುದು, ಜ್ವರಕ್ಕೆ ಪ್ಯಾರಾಸಿಟಮಾಲ್. ಆಸ್ಪಿರಿನ್, ಡೈಕ್ಲೋಫೆನಾಕ್ ಥರದ ನೋವುಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ಕೂಡದು. ಪ್ಲೇಟ್‌ಲೆಟ್ ಕುಸಿದ ರೋಗಿಗೆ ಮಾಂಸಖಂಡಕ್ಕೆ ಸೂಜಿ ಚುಚ್ಚುವುದೂ ಸಲ್ಲದು. ‘ಒಂದು ಇಂಜೆಕ್ಷನ್ ಹಾಕಿ ಸಾರ್, ನಾಳೆ ಕೂಲಿಗೆ ಹೋಗ್ಬೇಕು’ ಎಂದು ರೋಗಿ ಬೇಡುವುದು, ವೈದ್ಯ ಮಣಿಯುವುದು ನಮ್ಮ ಊರುಗಳ ನಿತ್ಯದ ದೃಶ್ಯ. ಈ ಜ್ವರದಲ್ಲಿ ಅದು ಅಪಾಯಕಾರಿ ಕರುಣೆ. ಮತ್ತೊಂದು ವಿಷಯ: ಕೆಲವರಿಗೆ, ಹತ್ತರಲ್ಲಿ ಒಬ್ಬಿಬ್ಬರಿಗೆ, ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಮರುಕಳಿಸುತ್ತದೆ. ಆಗ ತಲೆನೋವು, ಕುತ್ತಿಗೆ ಸೆಡೆತ, ನಡುಕ, ಗೊಂದಲದಂಥ ಮಿದುಳಿನ ಲಕ್ಷಣಗಳು ಬರುತ್ತವೆ. ಗುಣವಾಯಿತೆಂದು ಮನೆಗೆ ಕಳಿಸಿದ ರೋಗಿಯನ್ನು ಆಶಾ ಕಾರ್ಯಕರ್ತೆ ಮೂರು ವಾರ ವಿಚಾರಿಸುತ್ತಿರಬೇಕು ಎನ್ನುವುದು ಇದಕ್ಕೇ.

ಭಯದ ವಿಷಯಕ್ಕೆ ಬರೋಣ. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡಿದ ದಾಖಲೆ ಇಲ್ಲ. ರೋಗಿಯ ಪಕ್ಕ ಹೆಂಡತಿ ಕೂತು ಗಂಜಿ ಕುಡಿಸಬಹುದು; ಹಾಡಿಯವರನ್ನು ಊರ ಹೋಟೆಲಿನಿಂದ, ಬಸ್ಸಿನಿಂದ ದೂರ ಇಡಲು ಯಾವ ಕಾರಣವೂ ಇಲ್ಲ. ಹಾಗೆಂದು ಆಸ್ಪತ್ರೆಯವರು ಕೈಗವಸು ಬಿಡಬಹುದೇ? ಬಿಡಕೂಡದು. ರೋಗಿ ಬಾಗಿಲಿಗೆ ಬಂದಾಗ ಅದು ಯಾವ ಜ್ವರ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಉಣ್ಣೆಯಿಂದಲೇ ಬರುವ ಇನ್ನೊಂದು ರೋಗ ಕ್ರೈಮಿಯನ್-ಕಾಂಗೋ ಜ್ವರ. 2011ರ ಜನವರಿಯಲ್ಲಿ ಗುಜರಾತಿನ ಸಾನಂದ್ ಬಳಿಯ ಹಳ್ಳಿಯ ಮಹಿಳೆಯೊಬ್ಬರು ಅಹಮದಾಬಾದಿನ ಆಸ್ಪತ್ರೆಯಲ್ಲಿ ಅದರಿಂದ ತೀರಿಕೊಂಡರು; ಅವರ ಶುಶ್ರೂಷೆ ಮಾಡಿದ ವೈದ್ಯ, ದಾದಿ ಇಬ್ಬರೂ ಸತ್ತರು. ಭಾರತದಲ್ಲಿ ಆ ರೋಗ ಮನುಷ್ಯರಲ್ಲಿ ಖಚಿತವಾದದ್ದು ಅದೇ ಮೊದಲು. ಇನ್ನೂ ಹಿಂದಿನ ಪಾಠ ಕಾಂಗೋದ ಯಾಂಬುಕು ಎಂಬ ಹಳ್ಳಿಯದು. 1976ರಲ್ಲಿ ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಬೆಳಿಗ್ಗೆ ಐದು ಸಿರಿಂಜ್ ಹೊರತೆಗೆದು, ರೋಗಿಯಿಂದ ರೋಗಿಗೆ ಬಿಸಿನೀರಲ್ಲಿ ಜಾಲಿಸಿ, ದಿನವಿಡೀ ಅವುಗಳನ್ನೇ ಬಳಸುತ್ತಿದ್ದರು. ಎಬೋಲಾ ಎಂದು ನಂತರ ಹೆಸರಾದ ಆ ರೋಗದಲ್ಲಿ 318 ಮಂದಿಗೆ ಸೋಂಕು ತಗುಲಿ 280 ಮಂದಿ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಹೋದರು. ಕಾಯಿಲೆಯ ಹೆಸರು ತಿಳಿಯುವ ಮೊದಲೇ ರಕ್ಷಣೆ ತೊಡಬೇಕು ಎಂಬ ನಿಯಮವನ್ನು ಜಗತ್ತು ಕಲಿತದ್ದು ಇಂಥ ಸಾವುಗಳಿಂದ. ಪ್ರತಿ ರೋಗಿಗೆ ಹೊಸ ಸೂಜಿ, ಪ್ರತಿ ರಕ್ತಕ್ಕೆ ಕೈಗವಸು, ಬಳಸಿದ ಸೂಜಿಗೆ ಗಟ್ಟಿ ಡಬ್ಬ: ಗುಂಡ್ಲುಪೇಟೆಯಂಥ ಊರಿನ ಆಸ್ಪತ್ರೆಗೂ ಇದು ಆಗದ ಮಾತಲ್ಲ.

ರಕ್ತದ ಮಾದರಿಯಂತೂ ರೋಗಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ. ಪುಣೆಯಲ್ಲಿ ಮೊದಲ ದಶಕಗಳಲ್ಲಿ ಈ ವೈರಸ್ಸಿನೊಡನೆ ಕೆಲಸ ಮಾಡಿದ ಪ್ರಯೋಗಾಲಯ ಸಿಬ್ಬಂದಿಯಲ್ಲಿ ಹಲವರು ಸೋಂಕಿಗೆ ತುತ್ತಾದರು. ಆದ್ದರಿಂದ ಮಾದರಿಯನ್ನು ಮೂರು ಪದರದ ಪೊಟ್ಟಣದಲ್ಲಿ, ತಣ್ಣಗೆ, ಸೋರದಂತೆ ಕಳಿಸಬೇಕು. ಜ್ವರದ ಮೊದಲ ವಾರ ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹಿಡಿಯುತ್ತದೆ. ಆಮೇಲೆ ಪ್ರತಿಕಾಯಗಳನ್ನು ಹುಡುಕಬೇಕು. ಬಂಡೀಪುರದ ಪ್ರಕರಣ ನಡೆದ 2012ರ ಕೊನೆಯಲ್ಲೇ ಪುಣೆಯಲ್ಲಿ ಅತ್ಯುನ್ನತ, ನಾಲ್ಕನೇ ಹಂತದ ಜೈವಿಕ ಸುರಕ್ಷೆಯ ಪ್ರಯೋಗಾಲಯ ಉದ್ಘಾಟನೆಯಾಯಿತು.

ಲಸಿಕೆಯ ಕತೆ ನೋವಿನದು. ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಅನಂತರ ವರ್ಷಕ್ಕೊಂದು. ಚುಚ್ಚಿದ ತೋಳು ಬಹಳ ನೋಯುತ್ತಿದ್ದುದರಿಂದ ಜನ ಎರಡನೇ ಡೋಸಿಗೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಮಲೆನಾಡಿನ ದಾಖಲೆಗಳ ವಿಶ್ಲೇಷಣೆಯಲ್ಲಿ ಎರಡು ಡೋಸಿನ ರಕ್ಷಣೆ ಸುಮಾರು ನೂರಕ್ಕೆ 62, ಬೂಸ್ಟರ್ ಸೇರಿದರೆ 83 ಎಂದು ಕಂಡಿತು. ಕೊನೆಗೆ ಸತ್ವ ಕುಂದಿದೆಯೆಂದು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. 2024ರ ಆರಂಭದಲ್ಲಿ ಮಲೆನಾಡಿನಲ್ಲಿ ಮತ್ತೆ ಸಾವುಗಳಾದಾಗ ಜನರ ಕೈಯಲ್ಲಿ ಲಸಿಕೆಯೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿಯೂ ಕೂಡಿ ಹೊಸದನ್ನು ಸಿದ್ಧಪಡಿಸುತ್ತಿವೆ. 1957ರಲ್ಲಿ ಗುರುತಿಸಿದ ರೋಗಕ್ಕೆ ಇಷ್ಟು ವರ್ಷಗಳ ನಂತರವೂ ನಂಬಬಹುದಾದ ಲಸಿಕೆ ಇಲ್ಲದಿರುವುದಕ್ಕೆ ವಿಜ್ಞಾನದ ತೊಡಕು ಮಾತ್ರ ಕಾರಣವಲ್ಲ. ಅದು ಕಾಡಂಚಿನ ಬಡವರ ಕಾಯಿಲೆ. ಪೇಟೆಗೆ ಬಂದಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಎಂದು ನನ್ನ ದೃಢ ನಂಬಿಕೆ.

ಬಂಡೀಪುರದ ನಂತರ ರೋಗ ಅಲ್ಲೇ ನಿಲ್ಲಲಿಲ್ಲ. ಪಕ್ಕದ ನೀಲಗಿರಿಯ ಮಂಗಗಳಲ್ಲಿ ವೈರಸ್ ಸಿಕ್ಕಿತು. 2013ರಲ್ಲಿ ವಯನಾಡಿನಲ್ಲಿ ಮನುಷ್ಯನಿಗೆ ತಗುಲಿತು, 2015ರಲ್ಲಿ ಅಲ್ಲಿ ನೂರರ ಆಸುಪಾಸಿನ ಜನರನ್ನು ಮಲಗಿಸಿತು. ಅವರಲ್ಲಿ ಹೆಚ್ಚಿನವರು ಬುಡಕಟ್ಟು ಜನ. ಗೋವಾದ ಸತ್ತರಿಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿತು. ಬಂಡೀಪುರ, ಮುದುಮಲೈ, ವಯನಾಡು, ನಾಗರಹೊಳೆ ಒಂದಕ್ಕೊಂದು ಹೊಂದಿಕೊಂಡ ಒಂದೇ ಕಾಡು. ಅದನ್ನು ಕಾಯುವ ಇಲಾಖೆಗಳು ಮಾತ್ರ ಮೂರು ರಾಜ್ಯಗಳವು. ಮೂಲೆಹೊಳೆಯಲ್ಲಿ ಸತ್ತ ಮಂಗದ ಸುದ್ದಿ ಆ ದಿನವೇ ಬತ್ತೇರಿಯ ಆಸ್ಪತ್ರೆಗೆ ತಲುಪಬೇಕು, ವಯನಾಡಿನ ಮುತ್ತಂಗದ ಸುದ್ದಿ ಗುಂಡ್ಲುಪೇಟೆಗೆ ಬರಬೇಕು. ಅರಣ್ಯ, ಪಶುಪಾಲನೆ, ಆರೋಗ್ಯ ಇಲಾಖೆಗಳ ಕಡತಗಳು ಒಂದೇ ಮೇಜಿನ ಮೇಲೆ ಕೂಡಬೇಕು.

ಅದಕ್ಕಿಂತ ಮೊದಲು ಆಗಬೇಕಾದದ್ದು ದಿನಗೂಲಿ ಕಾವಲುಗಾರನ ಕೈಗೆ ದಪ್ಪ ಕೈಗವಸು, ಕಾಲಿಗೆ ಬೂಟು, ಮೈಗೆ ಉಣ್ಣೆ ತಡೆಯುವ ಎಣ್ಣೆ, ಹೊಸ ಲಸಿಕೆ ಬಂದಾಗ ಸರದಿಯಲ್ಲಿ ಮೊದಲ ಜಾಗ, ಜ್ವರ ಬಂದರೆ ಕೂಲಿ ಕಡಿತವಿಲ್ಲದ ರಜೆ. ಕೂಲಿ ಹೋಗುತ್ತದೆಂದು ಜ್ವರ ಮುಚ್ಚಿಡುವವನಿಂದ ರೋಗದ ಸುಳಿವು ಸಿಗುವುದಿಲ್ಲ.

ಈ ಸಾಲುಗಳನ್ನು ಓದುತ್ತಿರುವವರು ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಾದರೆ, ಅಥವಾ ಗೋಪಾಲಸ್ವಾಮಿ ಬೆಟ್ಟಕ್ಕೋ ಊಟಿಗೋ ಹೋಗುವ ದಾರಿಯಲ್ಲಿ ಬಂಡೀಪುರ ದಾಟುವವರಾದರೆ, ಒಂದು ಕೇಳಿಕೆ ಇದೆ. ನವೆಂಬರ್‌ನಿಂದ ಮೇವರೆಗೆ ಎಲ್ಲಿಯಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕೋಲಿನಿಂದಲೂ ಸರಿಸಬೇಡಿ. ಜಾಗ ಗುರುತಿಟ್ಟುಕೊಂಡು ಹತ್ತಿರದ ಅರಣ್ಯ ಕಚೇರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಿ. ಅದನ್ನು ತೆಗೆಯಲು ಬಂದವನು ಬರಿಗೈಯಲ್ಲಿದ್ದರೆ, ಕವಚ ತರುವವರೆಗೆ ಮುಟ್ಟಬೇಡ ಎಂದು ಅವನಿಗೂ ಹೇಳಿ.